5 ನ್ಯೂಟನ್ ಬಲವನ್ನು ಒಡೆದರೆ 4 ಮತ್ತು 3 ಬರುತ್ತೆ. ಹೆಚ್ಚಿಗೆ ಬಂದ 2 ಎಲ್ಲಿಂದ ಬಂತು?

ಬಿಡಿಸದ_ಲೆಕ್ಕ:

ಭೌತಶಾಸ್ತ್ರದಲ್ಲಿ ಅದಿಶ (ಸ್ಕೇಲರ್, ದಿಕ್ಕಿಲ್ಲದ್ದು), ಸದಿಶ (ವೆಕ್ಟರ್, ದಿಕ್ಕಿರುವುದು) ಮುಗಿಸಿ ಈಗ ಘಟಕಗಳಿಗೆ ಬಂದಿದ್ದೀನಿ. ಸೂತ್ರ ಹಾಕಿದರೆ ಉತ್ತರ ಬರುತ್ತೆ. ಆದರೆ "ಈಗ ಏನು ಮಾಡಿದೆ, ಹೇಳು" ಅಂತ ಯಾರಾದರೂ ಕೇಳಿದರೆ ಬಾಯಿ ಕಟ್ಟಿಹೋಗುತ್ತೆ. ಇದನ್ನ ಹೀಗೇ ಬಿಟ್ಟು ಮುಂದಿನ ಪಾಠಕ್ಕೆ ಹೋಗೋಕೆ ಮನಸ್ಸಿಲ್ಲ, ಅದಕ್ಕೇ ಕೇಳ್ತಿದ್ದೀನಿ.

5 ನ್ಯೂಟನ್ ಬಲ, ಎಕ್ಸ್ ಅಕ್ಷದಿಂದ ಸುಮಾರು 37 ಡಿಗ್ರಿ ಮೇಲಕ್ಕೆ. ಎಕ್ಸ್ ಘಟಕ 4, ವೈ ಘಟಕ 3. ಘಟಕ ಅಂದರೆ ಭಾಗ ತಾನೇ? ಭಾಗಗಳನ್ನೆಲ್ಲ ಕೂಡಿದರೆ ಇಡಿಯಾದದ್ದು ಸಿಗಬೇಕು. 4 + 3 ಅಂದರೆ 7. ಇದ್ದದ್ದು 5 ನ್ಯೂಟನ್, ಒಡೆದ ಮೇಲೆ 7 ನ್ಯೂಟನ್. ಹೆಚ್ಚಿಗೆ ಬಂದ 2 ಯಾರು ಕೊಟ್ಟರು?

ಎರಡನೇದು, ಸೈನ್ ಯಾವಾಗ, ಕೊಸೈನ್ ಯಾವಾಗ? "ಎಕ್ಸ್‌ಗೆ ಕೊಸೈನ್, ವೈಗೆ ಸೈನ್" ಅಂತ ಬಾಯಿಪಾಠ ಮಾಡಿದ್ದೆ. ಇಳಿಜಾರಿನ ಲೆಕ್ಕ ಬಂದ ದಿನ ಅದು ಉಲ್ಟಾ ಹೊಡೀತು.

ಎರಡನೇ_ಬೆಂಚು:

ನನಗೂ ಇದೇ ಅನುಮಾನ. ಕೇಳಿದಾಗ "ವರ್ಗ ಮಾಡಿ ಕೂಡು, ವರ್ಗಮೂಲ ತೆಗಿ, ಪೈಥಾಗೊರಸ್" ಅಂದರು. 16 + 9 = 25, ವರ್ಗಮೂಲ 5, ಸರಿ ಬರುತ್ತೆ. ಆದರೆ ಸುಮ್ಮನೆ ಯಾಕೆ ಕೂಡಬಾರದು ಅನ್ನೋದಕ್ಕೆ ಅದು ಉತ್ತರ ಅಲ್ಲವಲ್ಲ.

ಸೀಮೆಸುಣ್ಣ:

ಬಹಳ ಒಳ್ಳೆಯ ಪ್ರಶ್ನೆ ಇದು. ಹದಿನೈದು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಇಷ್ಟು ನೇರವಾಗಿ ಕೇಳುವವರು ಕಡಿಮೆ.

ಮೊದಲು ಸ್ಥಾನಾಂತರವನ್ನು ತೆಗೆದುಕೊಳ್ಳೋಣ. ನೀವು 4 ಮೀಟರ್ ನೇರ ನಡೆದು, ಎಡಕ್ಕೆ ತಿರುಗಿ 3 ಮೀಟರ್ ನಡೆದಿರಿ. ಕಾಲು ಸವೆಸಿದ್ದು 7 ಮೀಟರ್. ಹೊರಟ ಜಾಗದಿಂದ ನೀವು ಈಗ ಇರುವುದು 5 ಮೀಟರ್ ಆಚೆ. ಎರಡೂ ನಿಜ, ಆದರೆ ಎರಡೂ ಒಂದೇ ಪ್ರಶ್ನೆಗೆ ಉತ್ತರವಲ್ಲ. "ಎಷ್ಟು ನಡೆದೆ?" ಅಂದರೆ 7, ಅದು ದೂರ, ಅದಿಶ. "ಎಲ್ಲಿಂದ ಎಲ್ಲಿಗೆ ಬಂದೆ?" ಅಂದರೆ 5 ಮೀಟರ್, ಇಂಥ ದಿಕ್ಕಿಗೆ. ಅದು ಸ್ಥಾನಾಂತರ, ಸದಿಶ.

ಇನ್ನು "ಘಟಕ" ಅನ್ನುವ ಪದ. ಒಂದು ವಸ್ತುವನ್ನು ಕತ್ತರಿಸಿ ಎರಡು ತುಂಡು ಮಾಡಿದ ಚಿತ್ರ ಆ ಪದದಿಂದ ಮನಸ್ಸಿಗೆ ಬರುತ್ತದೆ. ನನ್ನ ತರಗತಿಯಲ್ಲಿ ನಾನು ಆ ಪದಕ್ಕೆ ಮುಂಚೆ "ನೆರಳು" ಅನ್ನುತ್ತೇನೆ. 15 ಸೆಂಟಿಮೀಟರ್ ಪೆನ್ಸಿಲನ್ನು ಮೇಜಿಗೆ 60 ಡಿಗ್ರಿ ಓರೆಯಾಗಿ ಹಿಡಿಯಿರಿ. ನೆಟ್ಟಗೆ ಮೇಲಿನಿಂದ ಬೆಳಕು ಬಿದ್ದರೆ ಮೇಜಿನ ಮೇಲಿನ ನೆರಳು 7.5 ಸೆಂಟಿಮೀಟರ್. ಪಕ್ಕದಿಂದ ಬಿದ್ದರೆ ಗೋಡೆಯ ಮೇಲಿನ ನೆರಳು 13 ಸೆಂಟಿಮೀಟರ್. ಎರಡೂ ನೆರಳು ಕೂಡಿದರೆ 20.5. ಪೆನ್ಸಿಲ್ ಐದೂವರೆ ಸೆಂಟಿಮೀಟರ್ ಬೆಳೆಯಿತು ಎಂದು ಯಾರೂ ಹೇಳುವುದಿಲ್ಲ. ನೆರಳು ಪೆನ್ಸಿಲಿನ ತುಂಡಲ್ಲ. "ಈ ದಿಕ್ಕಿನಿಂದ ನೋಡಿದರೆ ನೀನು ಎಷ್ಟುದ್ದ?" ಎಂದು ಕೇಳಿದ್ದಕ್ಕೆ ಪೆನ್ಸಿಲ್ ಕೊಟ್ಟ ಉತ್ತರ.

ಬಿಡಿಸದ_ಲೆಕ್ಕ:

ಮೇಡಂ, ನೆರಳಿನ ಮಾತು ಹಿಡಿಸಿತು. ಆದರೆ ನಡಿಗೆಯಲ್ಲಿ ಮೊದಲು 4, ಆಮೇಲೆ 3, ಅದು ಗೊತ್ತಾಗುತ್ತೆ. ಬಲ ಹಾಗಲ್ಲ. ನಾನು ಹಗ್ಗ ಎಳೆದರೆ ಮೊದಲು ಅಡ್ಡಕ್ಕೆ 4, ಆಮೇಲೆ ಮೇಲಕ್ಕೆ 3 ಅಂತ ಎಳೆಯಲ್ಲ, ಒಂದೇ ಸಲ ಓರೆಯಾಗಿ ಎಳೀತೀನಿ. ಅಲ್ಲಿ 7 ಅನ್ನೋದಕ್ಕೆ ಏನರ್ಥ?

ಅಳತೆಗೋಲು:

ಏನೂ ಅರ್ಥವಿಲ್ಲ, ಅದನ್ನೇ ತೋರಿಸಬಹುದು. ಹಾಳೆಯ ಮೇಲೆ 5 ಸೆಂಟಿಮೀಟರಿನ ಒಂದು ಬಾಣ ಬರೆಯಿರಿ. ಬೇರೊಂದು ಪಾರದರ್ಶಕ ಹಾಳೆಯ ಮೇಲೆ ಎಕ್ಸ್, ವೈ ಅಕ್ಷ ಬರೆದು ಬಾಣದ ಬುಡಕ್ಕೆ ಮೂಲಬಿಂದು ಕೂಡುವಂತೆ ಇಡಿ. ಈಗ ಬಾಣ ಮುಟ್ಟಬೇಡಿ, ಮೇಲಿನ ಹಾಳೆ ಮಾತ್ರ ತಿರುಗಿಸಿ.

ಮೊದಲಿಗೆ ಘಟಕ 4 ಮತ್ತು 3. ಕೂಡಿದರೆ 7.
ಅಕ್ಷಗಳನ್ನು 10 ಡಿಗ್ರಿ ಬಾಣದ ಕಡೆಗೆ ತಿರುಗಿಸಿದರೆ 4.46 ಮತ್ತು 2.26. ಕೂಡಿದರೆ 6.72.
ಸುಮಾರು 37 ಡಿಗ್ರಿ ತಿರುಗಿಸಿ ಎಕ್ಸ್ ಅಕ್ಷ ಬಾಣದ ಮೇಲೇ ಕೂತರೆ 5 ಮತ್ತು 0. ಕೂಡಿದರೆ 5.
ಪೂರ್ತಿ 90 ಡಿಗ್ರಿ ತಿರುಗಿಸಿದರೆ 3 ಮತ್ತು −4. ಕೂಡಿದರೆ −1.

ಬಾಣ ಕದಲಿಲ್ಲ. ಬಲ ಅದೇ, ಎಳೆಯುವ ಕೈ ಅದೇ. ಮೊತ್ತ ಮಾತ್ರ 7, 6.72, 5, −1 ಎಂದು ಕುಣಿಯುತ್ತಿದೆ. ನಾವು ಹಾಳೆ ಹೇಗೆ ಇಟ್ಟೆವು ಎನ್ನುವುದರ ಮೇಲೆ ಬದಲಾಗುವ ಸಂಖ್ಯೆ ಬಲದ ಗುಣ ಆಗಲಾರದು. ಈಗ ವರ್ಗಗಳನ್ನು ಕೂಡಿ ನೋಡಿ: 16 + 9, 19.89 + 5.11, 25 + 0, 9 + 16. ಪ್ರತಿ ಸಲವೂ 25. ನೀವು ಕೇಳಿದ 2 ಎಲ್ಲಿಂದಲೂ ಬಂದಿದ್ದಲ್ಲ, ಅಕ್ಷಗಳನ್ನು ನಾವು ಇಟ್ಟ ರೀತಿಯಿಂದ ಹುಟ್ಟಿದ್ದು. ಹಾಳೆ ತಿರುಗಿಸಿದರೆ ಅದು ಮಾಯವಾಗುತ್ತದೆ.

ಬಾಣ ಲೋಕದ್ದು, ಅಕ್ಷ ನಮ್ಮದು. ಈ ಪಾಠದಲ್ಲಿ ಬರುವ ಗೊಂದಲಗಳಲ್ಲಿ ಮುಕ್ಕಾಲು ಪಾಲು ಇವೆರಡನ್ನು ಕಲೆಸಿಬಿಡುವುದರಿಂದ ಬರುತ್ತದೆ.

ಬಿಡಿಸದ_ಲೆಕ್ಕ:

ಎರಡು ಸಲ ಓದಿದೆ. ಹಾಳೆ ತಿರುಗಿಸಿಯೂ ನೋಡಿದೆ. ಅಳತೆಪಟ್ಟಿಯಲ್ಲಿ 4.5 ಮತ್ತು 2.2 ಬಂತು, ಅಷ್ಟರಮಟ್ಟಿಗೆ ಸರಿ. ಮೊದಲ ಪ್ರಶ್ನೆ ಇವತ್ತಿಗೆ ಬಗೆಹರೀತು.

ಎರಡನೇ_ಬೆಂಚು:

ಹಾಗಾದರೆ ಘಟಕ ಅಂದರೆ ಬರೀ ಸಂಖ್ಯೆ. ದಿಕ್ಕಿಲ್ಲ. ಅಂದಮೇಲೆ ಸದಿಶದ ಘಟಕ ಅದಿಶ ಅಂತ ಬರೆದುಕೊಳ್ಳಬಹುದಾ?

ಅಳತೆಗೋಲು:

ಬೇಡ. ಸಂಖ್ಯೆ ಹೌದು, ಅದಿಶ ಅಲ್ಲ. ಕೋಣೆಯ ಉಷ್ಣತೆ 27 ಡಿಗ್ರಿ ಅಂದರೆ ನೀವು ಅಕ್ಷವನ್ನು ಯಾವ ಕಡೆ ತಿರುಗಿಸಿದರೂ 27. ದ್ರವ್ಯರಾಶಿ 2 ಕಿಲೋಗ್ರಾಂ ಅಂದರೆ ಹೇಗೆ ನೋಡಿದರೂ 2. ಅಕ್ಷ ತಿರುಗಿಸಿದರೂ ಬದಲಾಗದೆ ಉಳಿಯುವುದೇ ಅದಿಶದ ಲಕ್ಷಣ. ಎಕ್ಸ್ ಘಟಕ ಈಗ ತಾನೇ 4ರಿಂದ 3ಕ್ಕೆ ಇಳಿದದ್ದನ್ನು ನೋಡಿದಿರಿ. ಬಾಣದ ಉದ್ದ 5 ಇದೆಯಲ್ಲ, ಅದು ಅದಿಶ.

ಸೀಮೆಸುಣ್ಣ:

ನೀವು ಹೇಳಿದ್ದು ಸರಿ, ಆದರೆ ಮೊದಲ ತಿಂಗಳಲ್ಲೇ ಇಷ್ಟು ಬಿಗಿ ಮಾಡಿದರೆ ಮಕ್ಕಳು ಹೆದರುತ್ತಾರೆ. ಎಷ್ಟೋ ಪುಸ್ತಕಗಳಲ್ಲಿ "ಅದಿಶ ಘಟಕ" ಎಂದೇ ಅಚ್ಚಾಗಿರುತ್ತದೆ, ಪರೀಕ್ಷೆಯಲ್ಲಿ ಹಾಗೆ ಬರೆದವರಿಗೆ ನಾನು ಅಂಕ ಕಳೆಯುವುದಿಲ್ಲ. 4 ಎನ್ನುವುದು ಘಟಕದ ಬೆಲೆ. 4 ಗುಣಿಸು ಎಕ್ಸ್ ದಿಕ್ಕಿನ ಏಕಮಾನ ಸದಿಶ (ಉದ್ದ 1 ಇರುವ ಬಾಣ) ಎಂದರೆ ಘಟಕ ಸದಿಶ, ಅದಕ್ಕೆ ದಿಕ್ಕುಂಟು. ಈ ಎರಡನ್ನು ಬೇರೆ ಬೇರೆ ಎಂದು ತಿಳಿದರೆ ಸದ್ಯಕ್ಕೆ ಸಾಕು.

ಅಳತೆಗೋಲು:

ಪಾಠ ಮಾಡುವವರು ನೀವು, ಆ ಮಾತು ಒಪ್ಪುತ್ತೇನೆ. ಆದರೂ "ಸಂಖ್ಯೆ" ಎಂಬ ಒಳ್ಳೆಯ ಪದ ಇರುವಾಗ ಅಲ್ಲಿ "ಅದಿಶ" ಯಾಕೆ ಬಳಸಬೇಕು? ಮುಂದೆ ಇದೇ ಪದ ಇನ್ನೊಂದು ಅರ್ಥದಲ್ಲಿ ಬಂದಾಗ ಕಲಿತದ್ದನ್ನು ಅಳಿಸಿ ಬರೆಯಬೇಕಾಗುತ್ತದೆ.

ಮತ್ತೆ_ಓದುವವಳು:

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಓದು ಬಿಟ್ಟು ಇಪ್ಪತ್ತು ವರ್ಷದ ಮೇಲೆ ಮಗಳ ಜೊತೆ ಕೂತು ಮತ್ತೆ ಓದ್ತಿದ್ದೀನಿ. ಅವಳ ಪುಸ್ತಕದಲ್ಲಿ "ಪರಿಮಾಣ ಮತ್ತು ದಿಕ್ಕು ಎರಡೂ ಇರುವ ರಾಶಿ ಸದಿಶ" ಅಂತಿದೆ. ನಾಲ್ಕು ಪುಟ ಆದ ಮೇಲೆ "ವಿದ್ಯುತ್ ಪ್ರವಾಹ ಅದಿಶ" ಅಂತಿದೆ. ಪ್ರವಾಹಕ್ಕೆ ದಿಕ್ಕಿಲ್ಲವಾ? ತಂತಿಯ ಮೇಲೆ ಬಾಣ ಹಾಕಿಯೇ ತೋರಿಸಿದ್ದಾರೆ! ಮಗಳು ಕೇಳಿದಳು, ನಾನು ಸುಮ್ಮನಾದೆ.

ಸೀಮೆಸುಣ್ಣ:

ಅಕ್ಕಾ, ಆ ವ್ಯಾಖ್ಯೆ ಅರ್ಧಕ್ಕೇ ನಿಂತಿದೆ. ದಿಕ್ಕು ಇದ್ದರೆ ಸಾಲದು, ಕೂಡುವಾಗ ಬಾಣಗಳ ನಿಯಮಕ್ಕೆ, ಅಂದರೆ ಸಮಾಂತರ ಚತುರ್ಭುಜದ ನಿಯಮಕ್ಕೆ ಬದ್ಧವಾಗಿರಬೇಕು. 3 ಆಂಪಿಯರ್ ಒಂದು ತಂತಿಯಲ್ಲಿ, 4 ಆಂಪಿಯರ್ ಇನ್ನೊಂದರಲ್ಲಿ ಬಂದು ಒಂದು ಗಂಟಿನಲ್ಲಿ ಸೇರಿ ಮೂರನೇ ತಂತಿಗೆ ಹೋದರೆ ಅಲ್ಲಿ ಹರಿಯುವುದು 7 ಆಂಪಿಯರ್. ಎರಡು ತಂತಿಗಳ ನಡುವಿನ ಕೋನ 90 ಇರಲಿ, 20 ಇರಲಿ, 7ರಲ್ಲಿ ಬದಲಿಲ್ಲ. 5 ಎಂದೂ ಆಗುವುದಿಲ್ಲ. ಆ ಬಾಣ ಹೇಳುವುದು ತಂತಿಯೊಳಗೆ ಈ ಕಡೆಗೋ ಆ ಕಡೆಗೋ ಎಂಬುದನ್ನಷ್ಟೇ.

ಅಳತೆಗೋಲು:

ಇನ್ನೂ ಗಟ್ಟಿ ಉದಾಹರಣೆ ಬೇಕಿದ್ದರೆ ಒಂದು ಪುಸ್ತಕ ತೆಗೆದುಕೊಳ್ಳಿ. ಸುತ್ತುವಿಕೆಗೆ ಪರಿಮಾಣ ಇದೆ, 90 ಡಿಗ್ರಿ. ದಿಕ್ಕೂ ಇದೆ, ಯಾವ ಅಕ್ಷದ ಸುತ್ತ ಎಂಬುದು. ಆದರೂ ಅದು ಸದಿಶ ಅಲ್ಲ.

ಪುಸ್ತಕವನ್ನು ಮೇಜಿನ ಮೇಲೆ ಮುಖಪುಟ ಮೇಲಾಗಿ, ಓದುವ ಹಾಗೆ ನೇರವಾಗಿ ಇಡಿ. ಎರಡು ಚಲನೆ. "ಎತ್ತು": ನಿಮ್ಮಿಂದ ದೂರದಲ್ಲಿರುವ ಅಂಚನ್ನು ಮೇಲೆತ್ತಿ ಪುಸ್ತಕವನ್ನು ನಿಲ್ಲಿಸುವುದು. "ತಿರುಗಿಸು": ಮೇಜಿನ ಮೇಲೆಯೇ ಗಡಿಯಾರದ ಮುಳ್ಳಿಗೆ ಎದುರಾಗಿ ಕಾಲು ಸುತ್ತು ತಿರುಗಿಸುವುದು.

ಮೊದಲು ಎತ್ತಿ, ಆಮೇಲೆ ತಿರುಗಿಸಿ. ಪುಸ್ತಕ ನೆಟ್ಟಗೆ ನಿಂತಿದೆ, ಮುಖಪುಟ ನಿಮ್ಮ ಬಲಕ್ಕೆ ನೋಡುತ್ತಿದೆ. ಈಗ ಮೊದಲಿನ ಹಾಗೆ ಮಲಗಿಸಿ, ಮೊದಲು ತಿರುಗಿಸಿ ಆಮೇಲೆ ಎತ್ತಿ. ಮುಖಪುಟ ನಿಮ್ಮನ್ನೇ ನೋಡುತ್ತಿದೆ, ಅಕ್ಷರಗಳು ಅಡ್ಡ ಮಲಗಿವೆ, ಪುಸ್ತಕದ ತಲೆ ಎಡಕ್ಕಿದೆ. ಅದೇ ಎರಡು ಚಲನೆ, ಕ್ರಮ ಬದಲಾದದ್ದಕ್ಕೆ ಫಲವೇ ಬೇರೆ. ಬಾಣಗಳಲ್ಲಿ ಹೀಗಾಗುವುದಿಲ್ಲ, 4 ನಡೆದು 3 ನಡೆದರೂ, 3 ನಡೆದು 4 ನಡೆದರೂ ಸೇರುವುದು ಒಂದೇ ಜಾಗ.

ಮತ್ತೆ_ಓದುವವಳು:

ಮಗಳ ಕೈಲೇ ಮಾಡಿಸಿದೆ. ಮೂರು ಸಲ ಮಾಡಿದಳು, ಮೂರು ಸಲವೂ ಹಾಗೇ ಆಯ್ತು. ಆಮೇಲೆ ನನಗೆ ಹೊಳೆದದ್ದು ಇದು. ನಮ್ಮ ಪದದಲ್ಲೇ ಉತ್ತರ ಅರ್ಧ ಕೂತಿದೆ. ಸ-ದಿಶ, ದಿಕ್ಕು ಸಹಿತ. ಅ-ದಿಶ, ದಿಕ್ಕು ರಹಿತ. ಹೆಸರು ಇಷ್ಟು ಸ್ಪಷ್ಟವಾಗಿ ಇರೋದರಿಂದಲೇ ದಿಕ್ಕಿದ್ದರೆ ಮುಗೀತು ಅಂದುಕೊಂಡುಬಿಡ್ತೀವಿ. ಕೂಡುವ ನಿಯಮ ಹೆಸರಲ್ಲಿ ಕಾಣಲ್ಲ.

ಸೀಮೆಸುಣ್ಣ:

ಇದನ್ನು ನಾನು ನನ್ನ ತರಗತಿಗೆ ಒಯ್ಯುತ್ತೇನೆ, ಅಕ್ಕಾ. "ವೇಗ"ದ ಕಥೆಯೂ ಹೀಗೆಯೇ. ಮಾತಿನಲ್ಲಿ ಗಾಡಿಯ ವೇಗ, ಗಾಳಿಯ ವೇಗ ಎಂದು ಎಲ್ಲಕ್ಕೂ ಒಂದೇ ಪದ. ಪಾಠದಲ್ಲಿ ಬರೀ ಎಷ್ಟು ಬೇಗ ಎಂಬುದು ಜವ, ಯಾವ ಕಡೆಗೆ ಎಂಬುದೂ ಸೇರಿದರೆ ವೇಗ. ಒಂದೇ ಜವದಲ್ಲಿ ವೃತ್ತ ಸುತ್ತುವ ಕಲ್ಲಿಗೆ ವೇಗ ಕ್ಷಣಕ್ಷಣವೂ ಬದಲಾಗುತ್ತಿರುತ್ತದೆ ಎಂದರೆ ಮೊದಲ ಸಲ ಕೇಳುವವರು ನಂಬುವುದೇ ಇಲ್ಲ.

ಸ್ಕೇಲರ್, ವೆಕ್ಟರ್ ಎಂಬ ಪದಗಳನ್ನು ಈಗಿನ ಅರ್ಥಕ್ಕೆ ಹತ್ತಿರ ತಂದವರು ಗಣಿತಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್, 1843ರಲ್ಲಿ ನಾಲ್ಕು ಭಾಗಗಳಿರುವ ಸಂಖ್ಯೆಗಳಾದ ಕ್ವಾಟರ್ನಿಯನ್‌ಗಳನ್ನು ಕಂಡುಹಿಡಿದ ಮೇಲೆ. ಲ್ಯಾಟಿನ್‌ನಲ್ಲಿ ವೆಕ್ಟರ್ ಎಂದರೆ ಹೊತ್ತೊಯ್ಯುವವನು. ಅಲ್ಲಿ ದಿಕ್ಕಿನ ಮಾತೇ ಇಲ್ಲ, ಒಂದು ಬಿಂದುವಿನಿಂದ ಇನ್ನೊಂದಕ್ಕೆ ಒಯ್ಯುವ ಭಾವ ಇದೆ. ಇವತ್ತು ನಾವು ಬರೆಯುವ ರೀತಿಯ ಸದಿಶ ಗಣಿತಕ್ಕೆ ರೂಪ ಕೊಟ್ಟವರು 1880ರ ದಶಕದಲ್ಲಿ ಗಿಬ್ಸ್ ಮತ್ತು ಹೆವಿಸೈಡ್.

ದಾರದ_ತುದಿ:

ನಾನು ಪಾಠದವನಲ್ಲ. ಕೇಬಲ್, ಕಂಬ, ಹಗ್ಗ ಕಟ್ಟುವ ಕೆಲಸ ನನ್ನದು, ಘಟಕ ಅನ್ನೋದು ನನಗೆ ದಿನದ ಅನ್ನ. ನೀವು ಹೇಳಿದ್ದೆಲ್ಲ ಸರಿ. ಆದರೆ ಒಂದು ಸಲ ಕೈಗೆ ತಾಕಿದರೆ ಜನ್ಮದಲ್ಲಿ ಮರೆಯಲ್ಲ. ಹೀಗೆ ಮಾಡಿ.

ಒಂದು ಲೀಟರ್ ನೀರಿನ ಬಾಟಲಿ ತುಂಬಿಸಿ. ತೂಕ ಹೆಚ್ಚುಕಡಿಮೆ 9.8 ನ್ಯೂಟನ್. ಒಂದು ಮೀಟರ್ ದಾರದ ನಟ್ಟನಡುವೆ ಕಟ್ಟಿ. ದಾರದ ಎರಡೂ ತುದಿ ಎರಡು ಕೈಗೆ. ಮೊದಲು ಎರಡೂ ಕೈ ಹತ್ತಿರ ತನ್ನಿ, ದಾರ ನೆಟ್ಟಗೆ ಇಳಿಬಿಟ್ಟಿರಲಿ. ಒಂದೊಂದು ಕೈಗೆ ಅರ್ಧ ಬಾಟಲಿ ಭಾರ, ಹಗುರ. ಈಗ ನಿಧಾನಕ್ಕೆ ಕೈಗಳನ್ನ ದೂರ ಮಾಡ್ತಾ ಹೋಗಿ. ದಾರ ಮಟ್ಟಕ್ಕೆ ಬರಬೇಕು, ಅದು ನಿಮ್ಮ ಗುರಿ.

ಬರಲ್ಲ. ದಾರ ಬೆರಳಿಗೆ ಕೊರೆಯೋಕೆ ಶುರುವಾಗುತ್ತೆ, ತೋಳು ನಡುಗುತ್ತೆ, ನಡುವೆ ಒಂದು ಸಣ್ಣ ತಗ್ಗು ಉಳಿದೇ ಉಳಿಯುತ್ತೆ. ಯಾಕೆ ಅಂದರೆ, ಬಾಟಲಿಯನ್ನ ಎತ್ತಿ ಹಿಡಿಯೋದು ನಿಮ್ಮ ಎಳೆತದ ಮೇಲ್ಮುಖ ಘಟಕ ಮಾತ್ರ. ಅಡ್ಡ ಘಟಕಗಳು ಎಡಕ್ಕೊಂದು ಬಲಕ್ಕೊಂದು, ಒಂದನ್ನೊಂದು ಹೊಡೆದುಹಾಕುತ್ತವೆ. ದಾರ ಮಟ್ಟದಿಂದ 30 ಡಿಗ್ರಿ ಕೆಳಗಿದ್ದಾಗ ಒಂದೊಂದು ಕೈ 9.8 ನ್ಯೂಟನ್ ಎಳೀಬೇಕು. 10 ಡಿಗ್ರಿಯಲ್ಲಿ 28. 5 ಡಿಗ್ರಿಯಲ್ಲಿ 56. 1 ಡಿಗ್ರಿಯಲ್ಲಿ 281 ನ್ಯೂಟನ್, ಅಂದರೆ ಒಂದು ಕೈಯಲ್ಲಿ ಸುಮಾರು 29 ಕಿಲೋ ಎತ್ತಿದಷ್ಟು, ಒಂದು ಲೀಟರ್ ನೀರಿಗೆ! ಪೂರ್ತಿ ಮಟ್ಟವಾದರೆ ಮೇಲ್ಮುಖ ಘಟಕ ಸೊನ್ನೆ, ಆಗ ಎಷ್ಟು ಎಳೆದರೂ ಬಾಟಲಿ ಹಿಡಿಯೋಕೆ ಆಗಲ್ಲ.

ಕಂಬದಿಂದ ಕಂಬಕ್ಕೆ ಹೋಗುವ ತಂತಿಗಳು ಜೋತುಬಿದ್ದಿರೋದನ್ನ ನೋಡಿ "ಬಿಗಿಯಾಗಿ ಕಟ್ಟಿಲ್ಲ" ಅಂತಾರೆ. ಆ ಜೋಲು ಲೆಕ್ಕ ಹಾಕಿ ಬಿಟ್ಟಿದ್ದು. ಹೊಸದಾಗಿ ಕೆಲಸಕ್ಕೆ ಬಂದಾಗ ಚೆಂದ ಕಾಣಲಿ ಅಂತ ಒಂದು ತಂತಿಯನ್ನ ಜಗ್ಗಿ ಜಗ್ಗಿ ಬಿಗಿದೆ. ನಡುವೆ ಒಂದು ಸಣ್ಣ ದೀಪ ನೇತುಹಾಕಿದ್ದೇ ತಡ, ಗೋಡೆಯ ಕೊಕ್ಕೆ ಕಿತ್ತು ಬಂತು. ದೀಪದ ಭಾರ ಎರಡು ಕಿಲೋ ಇರಲಿಲ್ಲ.

ಬಿಡಿಸದ_ಲೆಕ್ಕ:

ಅಣ್ಣಾ, ಮಾಡಿದೆ. ಬೆರಳಲ್ಲಿ ಇನ್ನೂ ಗೆರೆ ಇದೆ. ಮಟ್ಟಕ್ಕೆ ತರೋಕೆ ಆಗಲೇ ಇಲ್ಲ, ನಮ್ಮಣ್ಣ ಒಂದು ತುದಿ ನಾನು ಒಂದು ತುದಿ ಹಿಡಿದು ಜಗ್ಗಿದರೂ ಆಗಲಿಲ್ಲ. 9.8ನ್ನ ಎರಡು ಪಟ್ಟು ಸೈನ್‌ನಿಂದ ಭಾಗಿಸಿ ನೋಡಿದೆ, ನಿಮ್ಮ ಸಂಖ್ಯೆಗಳೆಲ್ಲ ಬಂದವು. ಸೈನ್ ಕೆಳಗಿದ್ದರೆ ಕೋನ ಸಣ್ಣದಾದಷ್ಟೂ ಉತ್ತರ ದೊಡ್ಡದಾಗೋದು ಈಗ ಕೈಗೇ ಗೊತ್ತು.

ಇಲ್ಲಿ ಮೇಲಕ್ಕೆ ಸೈನ್ ಸರಿ. ಇಳಿಜಾರಿನಲ್ಲಿ ಮಾತ್ರ ಜಾರಿಸುವ ಘಟಕ ತೂಕ ಗುಣಿಸು ಸೈನ್, ಒತ್ತುವ ಘಟಕ ತೂಕ ಗುಣಿಸು ಕೊಸೈನ್. ಎಕ್ಸ್ ಅಕ್ಷವನ್ನ ಇಳಿಜಾರಿನ ಉದ್ದಕ್ಕೆ ಇಟ್ಟಿದ್ದೀವಿ, ಹಾಗಾಗಿ ಎಕ್ಸ್‌ಗೆ ಸೈನ್ ಬಂತು. ಇದನ್ನ ಹೇಗೆ ನೆನಪಿಟ್ಟುಕೊಳ್ಳೋದು?

ಸೀಮೆಸುಣ್ಣ:

ನೆನಪಿಟ್ಟುಕೊಳ್ಳಬೇಡಿ. ಕೋನ ಯಾರ ಪಕ್ಕದಲ್ಲಿದೆ ಎಂದು ನೋಡಿ. ಕೋನವನ್ನು ಬಾಣದ ಜೊತೆ ಸೇರಿ ಹಿಡಿದುಕೊಂಡಿರುವ ದಿಕ್ಕಿಗೆ ಕೊಸೈನ್, ಕೋನಕ್ಕೆ ಎದುರಾಗಿರುವುದಕ್ಕೆ ಸೈನ್. ಎಕ್ಸ್, ವೈ ಎಂಬ ಹೆಸರಿಗೂ ಇದಕ್ಕೂ ಸಂಬಂಧವೇ ಇಲ್ಲ. ಇಳಿಜಾರು ನೆಲದಿಂದ 30 ಡಿಗ್ರಿ ಎದ್ದಿದ್ದರೆ, ಇಳಿಜಾರಿಗೆ ಲಂಬವಾದ ಗೆರೆ ನೆಟ್ಟಗಿನ ಗೆರೆಯಿಂದ ಅದೇ 30 ಡಿಗ್ರಿ ವಾಲಿರುತ್ತದೆ. ತೂಕ ನೆಟ್ಟಗೆ ಕೆಳಕ್ಕೆ. ಆದ್ದರಿಂದ ತೂಕದ ಪಕ್ಕದಲ್ಲಿ ಕೋನ ಹಿಡಿದುಕೊಂಡಿರುವುದು ಲಂಬ ದಿಕ್ಕು, ಅದಕ್ಕೆ ಕೊಸೈನ್. 20 ನ್ಯೂಟನ್ ತೂಕಕ್ಕೆ ಜಾರಿಸುವುದು 10, ಒತ್ತುವುದು 17.3.

ಅನುಮಾನ ಬಂದರೆ ತುದಿಗೆ ಹೋಗಿ ನೋಡಿ. ಕೋನ ಸೊನ್ನೆ ಮಾಡಿ, ಇಳಿಜಾರು ನೆಲವಾಯಿತು. ನೆಲದ ಮೇಲೆ ವಸ್ತು ತಾನಾಗಿ ಜಾರುವುದಿಲ್ಲ, ಹಾಗಾಗಿ ಜಾರಿಸುವ ಘಟಕ ಸೊನ್ನೆ ಆಗಬೇಕು. ಸೊನ್ನೆಗೆ ಸೊನ್ನೆ ಆಗುವುದು ಸೈನ್. ಪರೀಕ್ಷೆಯ ಗಡಿಬಿಡಿಯಲ್ಲೂ ಐದು ಸೆಕೆಂಡಿನಲ್ಲಿ ಆಗುವ ಕೆಲಸ ಇದು.

ಅಳತೆಗೋಲು:

ಇಳಿಜಾರಿನ ಈ ಫಲವನ್ನು ಗಣಿತಜ್ಞ ಸೈಮನ್ ಸ್ಟೆವಿನ್ 1586ರಲ್ಲಿ ಸೈನ್ ಇಲ್ಲದೆಯೇ ಸಾಧಿಸಿದ ರೀತಿ ನನಗೆ ಬಹಳ ಇಷ್ಟ. ಒಂದು ತ್ರಿಕೋನದ ಆಧಾರ, ಎರಡು ಕಡೆ ಇಳಿಜಾರು, ಒಂದು ಇನ್ನೊಂದರ ಎರಡರಷ್ಟು ಉದ್ದ. 14 ಸಮಾನ ಗುಂಡುಗಳ ಒಂದು ಹಾರವನ್ನು ಅದರ ಮೇಲೆ ಹಾಕಿದಂತೆ ಊಹಿಸಿದ. ಉದ್ದದ ಇಳಿಜಾರಿನ ಮೇಲೆ 4 ಗುಂಡು, ಗಿಡ್ಡದ ಮೇಲೆ 2, ಉಳಿದ 8 ಕೆಳಗೆ ಜೋತುಬಿದ್ದಿವೆ. ಹಾರ ತಾನಾಗಿ ಜಾರತೊಡಗಿದರೆ ಪ್ರತಿ ಗುಂಡಿನ ಜಾಗಕ್ಕೆ ಇನ್ನೊಂದು ಬಂದು ಮತ್ತೆ ಅದೇ ಸ್ಥಿತಿ, ಕೊನೆಯೇ ಇಲ್ಲದೆ ಸುತ್ತುತ್ತಿರಬೇಕಾಗುತ್ತದೆ. ಅದು ಅಸಾಧ್ಯ, ಆದ್ದರಿಂದ ಹಾರ ಕದಲುವುದಿಲ್ಲ. ಕೆಳಗಿನ 8 ಗುಂಡು ಎರಡೂ ಕಡೆಗೆ ಸಮನಾಗಿ ಎಳೆಯುತ್ತವೆ, ಅವನ್ನು ತೆಗೆದುಬಿಡಿ. ಉಳಿದದ್ದೇನು? ಉದ್ದದ ಕಡೆಯ 4 ಗುಂಡಿಗೆ ಗಿಡ್ಡ ಕಡೆಯ 2 ಗುಂಡು ಸಮ. ಎತ್ತರ ಒಂದೇ ಇದ್ದು ಉದ್ದ ಎರಡರಷ್ಟಾದರೆ ಜಾರಿಸುವ ಘಟಕ ಅರ್ಧ. ಎತ್ತರ ಭಾಗಿಸು ಉದ್ದ, ಅದೇ ಸೈನ್.

ಎರಡನೇ_ಬೆಂಚು:

ಇದನ್ನ ಓದಿ ಐದು ನಿಮಿಷ ಸುಮ್ಮನೆ ಕೂತಿದ್ದೆ. 

ಕ್ಯಾಲ್ಕುಲೇಟರ್ ಬಳಸುವವರಿಗೆ ನನ್ನ ಕಡೆಯಿಂದ ಎರಡು ಮಾತು. ಒಂದು, ರೇಡಿಯನ್‌ನಲ್ಲಿದೆಯಾ ಡಿಗ್ರಿಯಲ್ಲಿದೆಯಾ ನೋಡಿಕೊಳ್ಳಿ. ಸೈನ್ 30 ಒತ್ತಿದರೆ 0.5 ಬರಬೇಕು. −0.988 ಬಂದರೆ ರೇಡಿಯನ್‌ನಲ್ಲಿದೆ. ನನ್ನ ಒಂದು ಇಡೀ ಕಿರುಪರೀಕ್ಷೆ ಇದರಲ್ಲೇ ಹೋಯ್ತು. ಎರಡು, ಘಟಕಗಳಿಂದ ಕೋನ ಹುಡುಕುವಾಗ. ಎಕ್ಸ್ −3, ವೈ 4 ಇದ್ದರೆ ಟ್ಯಾನ್ ವಿಲೋಮ ಒತ್ತಿದಾಗ −53.1 ಡಿಗ್ರಿ ತೋರಿಸುತ್ತೆ, ಅದು ಬಲಕ್ಕೆ ಕೆಳಗೆ. ಬಾಣ ಇರೋದು ಎಡಕ್ಕೆ ಮೇಲೆ. 180 ಕೂಡಬೇಕು, 126.9. ಚಿತ್ರ ಬರೆದಿದ್ದರೆ ತಕ್ಷಣ ಕಾಣುತ್ತಿತ್ತು.

ಮತ್ತೆ_ಓದುವವಳು:

ಆ −3ರ ಬಗ್ಗೆ ಒಂದು ಮಾತು ಕೇಳಲೇ? ಋಣ ಚಿಹ್ನೆ ಬಂದರೆ ದಿಕ್ಕು ಬಂತು ಅಂತ ತಾನೇ? ಹಾಗಾದರೆ ಉಷ್ಣತೆ −5 ಡಿಗ್ರಿಗೆ ದಿಕ್ಕಿದೆಯಾ?

ಸೀಮೆಸುಣ್ಣ:

ಇಲ್ಲ ಅಕ್ಕಾ. ಉಷ್ಣತೆಯ ಋಣ ಚಿಹ್ನೆ ಸೊನ್ನೆಗಿಂತ ಕೆಳಗೆ ಎಂದಷ್ಟೇ ಹೇಳುತ್ತದೆ. ಘಟಕದ ಋಣ ಚಿಹ್ನೆ ಅಕ್ಷದ ಬಾಣಕ್ಕೆ ಎದುರಾಗಿ ಎಂದು ಹೇಳುತ್ತದೆ. ಸದಿಶದ ಪರಿಮಾಣ ಮಾತ್ರ ಎಂದಿಗೂ ಋಣ ಆಗುವುದಿಲ್ಲ, ಉದ್ದ ಅಲ್ಲವೇ.

ಈಗ ಬಿಡಿಸದ_ಲೆಕ್ಕ ಅವರಿಗೆ ಒಂದು ಲೆಕ್ಕ. 200 ನ್ಯೂಟನ್ ತೂಕದ ಪೆಟ್ಟಿಗೆ ಮಟ್ಟ ನೆಲದ ಮೇಲೆ ಜಾರುತ್ತಿದೆ. ಹಗ್ಗ ಕಟ್ಟಿ ನೆಲದಿಂದ 30 ಡಿಗ್ರಿ ಮೇಲಕ್ಕೆ 100 ನ್ಯೂಟನ್‌ನಿಂದ ಎಳೆಯುತ್ತಿದ್ದೀರಿ. ಘರ್ಷಣಾ ಗುಣಾಂಕ 0.4. ಅಂದರೆ ಪೆಟ್ಟಿಗೆ ನೆಲವನ್ನು ಎಷ್ಟು ಒತ್ತುತ್ತದೋ ಅದರ 0.4 ಪಾಲು ಘರ್ಷಣೆ. ಮುಂದಕ್ಕೆ ಉಳಿಯುವ ಬಲ ಎಷ್ಟು? ಒಂದು ಎಚ್ಚರಿಕೆ: ಘಟಕಗಳನ್ನು ಬರೆದ ಮೇಲೆ ಮೂಲ ಬಾಣದ ಮೇಲೆ ಗೀಟು ಹಾಕಿ. ಮೂಲವನ್ನೂ ಘಟಕಗಳನ್ನೂ ಒಟ್ಟಿಗೆ ಎಣಿಸುವುದು ನಾನು ತಿದ್ದುವ ಉತ್ತರಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು.

ಬಿಡಿಸದ_ಲೆಕ್ಕ:

ಮುಂದಕ್ಕೆ ಘಟಕ 100 ಗುಣಿಸು ಕೊಸೈನ್ 30, 86.6. ಘರ್ಷಣೆ 0.4 ಗುಣಿಸು 200, 80. ಉಳಿಯೋದು 6.6 ನ್ಯೂಟನ್.

ದಾರದ_ತುದಿ:

ನಿಮ್ಮ ಹಗ್ಗದ ಮೇಲ್ಮುಖ ಘಟಕ ಎಲ್ಲಿ ಹೋಯ್ತು? ಅದು ಪೆಟ್ಟಿಗೆಯನ್ನ ಸ್ವಲ್ಪ ಎತ್ತಿ ಹಿಡಿದಿದೆ. ನೆಲದ ಮೇಲೆ ಬೀಳುವ ಭಾರ 200 ಇಲ್ಲ.

ಬಿಡಿಸದ_ಲೆಕ್ಕ:

ಹೌದು! ಮೇಲ್ಮುಖ ಘಟಕ 50. ನೆಲ ಒತ್ತುವುದು 150. ಘರ್ಷಣೆ 60. ಉಳಿಯೋದು 26.6 ನ್ಯೂಟನ್.

ಕುತೂಹಲಕ್ಕೆ ಬೇರೆ ಕೋನಗಳಿಗೂ ಮಾಡಿದೆ. ಮಟ್ಟವಾಗಿ ಎಳೆದರೆ 20. 10 ಡಿಗ್ರಿಗೆ 25.4. 20 ಡಿಗ್ರಿಗೆ 27.65. 22ಕ್ಕೆ 27.7. 30ಕ್ಕೆ 26.6. 60ಕ್ಕೆ ಬರೀ 4.6. ಪೂರ್ತಿ ಮುಂದಕ್ಕೆ ಎಳೆಯೋದೇ ಒಳ್ಳೇದು ಅಂದುಕೊಂಡಿದ್ದೆ, ಆದರೆ ಸ್ವಲ್ಪ ಮೇಲಕ್ಕೆ ಎಳೆದರೆ ಜಾಸ್ತಿ ಸಿಗ್ತಿದೆ. ಟ್ಯಾನ್ 22 ಒತ್ತಿ ನೋಡಿದೆ, 0.404 ಬಂತು. ಘರ್ಷಣಾ ಗುಣಾಂಕ 0.4. ಇದು ಸುಮ್ಮನೆ ಹಾಗೆ ಬಂದದ್ದಾ?

ಅಳತೆಗೋಲು:

ಸುಮ್ಮನೆ ಬಂದದ್ದಲ್ಲ, ನೀವು ಮುಟ್ಟಿದ್ದು ತುಂಬ ಚೆಂದದ ಜಾಗ. ನೀವು ಮಾಡಿದ ಲೆಕ್ಕವನ್ನೇ ಬಿಡಿಸಿ ಬರೆಯಿರಿ: ಉಳಿಯುವ ಬಲ = 100 × (ಕೊಸೈನ್ + 0.4 × ಸೈನ್) − 80. ಆವರಣದೊಳಗೆ ಇರುವುದನ್ನು ದಿಟ್ಟಿಸಿ ನೋಡಿ. 1 ಮತ್ತು 0.4 ಘಟಕಗಳಾಗಿರುವ ಒಂದು ಬಾಣವನ್ನು ಬರೆದರೆ, ನಿಮ್ಮ ಹಗ್ಗದ ದಿಕ್ಕಿನಲ್ಲಿ ಆ ಬಾಣದ ಘಟಕ ಎಷ್ಟೋ, ಅದೇ ಅದು. ಯಾವ ಬಾಣದ ಘಟಕವಾದರೂ ಅತಿ ಹೆಚ್ಚಾಗುವುದು ಅದೇ ಬಾಣದ ಗುಂಟ ನೋಡಿದಾಗ, ಹಾಳೆ ತಿರುಗಿಸಿದಾಗ 5 ಮತ್ತು 0 ಬಂತಲ್ಲ, ಹಾಗೆ. 1 ಮತ್ತು 0.4 ಬಾಣದ ಕೋನದ ಟ್ಯಾನ್ 0.4, ಅಂದರೆ 21.8 ಡಿಗ್ರಿ. ಅದರ ಉದ್ದ 1.077. ನೂರರಿಂದ ಗುಣಿಸಿ 80 ಕಳೆಯಿರಿ.

ಬಿಡಿಸದ_ಲೆಕ್ಕ:

27.7. ಬಂತು.